ಉಸಿರಾಡದ ಟ್ಯಾಂಕು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರು ಮೂಸುತ್ತಿದ್ದೆ. ಸೋರಿಕೆ ಏನೂ ಇರಲಿಲ್ಲ. ಯಾವತ್ತೂ ಇರುವುದಿಲ್ಲ. ಆದರೂ ಹೊರಡುವ ಮುಂಚೆ ಒಮ್ಮೆ ಮೂಸದಿದ್ದರೆ ನನಗೆ ಚಪ್ಪಲಿ ಕಾಲಿಗೆ ಹತ್ತುವುದಿಲ್ಲ. ಹೆಂಡತಿ ಫೋನು ಹಿಡಿದು ಬಾಗಿಲಲ್ಲಿ ನಿಂತು, "ನಿಮ್ಮ ಜೀಪಿನ ಮೇಷ್ಟ್ರು ಹೋದ್ರಂತೆ. ಉಂಡು ಮಲಗಿದೋರು ಏಳಲೇ ಇಲ್ಲಂತೆ" ಅಂದಳು. ಏಳಲು ಹೋದೆ, ಕಾಲು ಜೋಮು ಹಿಡಿದಿತ್ತು. ಸಿಲಿಂಡರು ತಬ್ಬಿಕೊಂಡು ಹಾಗೇ ಸ್ವಲ್ಪ ಹೊತ್ತು ಕೂತೆ.

ಹರಿಹರದ ನಮ್ಮ ತರಬೇತಿ ಸಂಸ್ಥೆಯಲ್ಲಿ ಸಂತಾಪ ಸಭೆ ಇಟ್ಟರು. ಸಮಯಪಾಲನೆ, ಶಿಸ್ತು, ಸರಳತೆ ಎಂದು ಮಾತಾಡಿದರು. ಸತ್ತವರೆಲ್ಲರಿಗೂ ಅಳತೆ ನೋಡದೆ ಹೊದಿಸುವ ಶಾಲು ಅದು. ಅವರ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಬಂದವನು ಎಂದು ನನ್ನನ್ನೂ ಎಬ್ಬಿಸಿದರು. ನಾನು "ಅವರು ಜೀಪು ಚೆನ್ನಾಗಿ ಓಡಿಸುತ್ತಿದ್ದರು" ಅಂದು ಕೂತುಬಿಟ್ಟೆ. ಹಿಂದೆ ಯಾರೋ ಕೆಮ್ಮಿದರು. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆದು ನೋಡುತ್ತಿದ್ದೇನೆ.

ಅವರು ಫಿಟ್ಟರ್ ವಿಭಾಗದ ಬೋಧಕರು, ನಾನು ಕಚೇರಿಯ ಸೂಪರಿಂಟೆಂಡೆಂಟು. ಇಬ್ಬರ ಮನೆಯೂ ದಾವಣಗೆರೆಯ ಸರಸ್ವತಿ ನಗರದಲ್ಲಿ. ಎತ್ತರದ ಆಳು. ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಮುಂದೆ ನಿಂತು ಅರ ಹಾಕಿ ಹಾಕಿ ಎಡಭುಜ ಒಂದಿಷ್ಟು ಇಳಿದಿತ್ತು, ಹಾಗಾಗಿ ಎಂಥ ಇಸ್ತ್ರಿ ಅಂಗಿ ಹಾಕಿದರೂ ಒಂದು ತುದಿ ಜೋತಾಡುತ್ತಿತ್ತು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಅವರದೊಂದು ಸಣ್ಣ ಸ್ಕ್ರೂಡ್ರೈವರು. ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿಯೇ ಕೂರುವುದು. ನನ್ನ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಎಲೆಗೆ ಪಾಯಸ ಬಿದ್ದಿದೆ, ಮನುಷ್ಯ ನಾಪತ್ತೆ. ನೋಡಿದರೆ ಟೇಬಲ್ಲಿನ ಕೆಳಗೆ ಕೂತು ಕಾಲಿನ ನಟ್ಟು ಬಿಗಿ ಮಾಡುತ್ತಿದ್ದಾರೆ. ಬೀಗರು, ಇವರು ಯಾರೋ ಕೇಟರಿಂಗಿನವರು ಅಂದುಕೊಂಡು ಸಾರು ಕೇಳಿದರಂತೆ. ಅವರು ತಂದು ಬಡಿಸಿಯೂ ಬಿಟ್ಟರು.

ನನ್ನ ಹೆದರಿಕೆಗಳ ಬಗ್ಗೆ ಅವರಿಗೆ ತಮ್ಮದೇ ಆದ ರೋಗನಿದಾನ ಇತ್ತು. ಬೀಗ ಹಾಕಿದ್ದೇನೋ ಇಲ್ಲವೋ ಎಂದು ನಾನು ಗಲ್ಲಿಯ ತುದಿಯಿಂದ ವಾಪಸು ಓಡಿದಾಗಲೆಲ್ಲ ಜೀಪಿನಲ್ಲಿ ಕೂತು ಕಾಯುತ್ತಿದ್ದರು, ಹಾರನ್ನು ಹೊಡೆಯುತ್ತಿರಲಿಲ್ಲ. ಬಂದು ಕೂತ ಮೇಲೆ, "ನಿಮ್ಮ ಭಯಕ್ಕೆ ಥ್ರೆಡ್ ಸವದೈತ್ರಿ. ಎಷ್ಟು ತಿರುಗಿಸಿದ್ರೂ ಟೈಟ್ ಆಗಲ್ಲ, ತಿರುಗ್ತಾನೇ ಇರ್ತೈತೆ" ಅನ್ನುತ್ತಿದ್ದರು. ಅದರಲ್ಲಿ ಕುಹಕ ಇರುತ್ತಿರಲಿಲ್ಲ. ಬಾಗಿಲ ತಿರುಪಿನ ಬಗ್ಗೆಯೂ ಅದೇ ದನಿಯಲ್ಲಿ ಹೇಳುತ್ತಿದ್ದರು.

ಜೀಪು ಪೆಟ್ರೋಲಿನದು, ಎಲ್ಲೋ ಹರಾಜಿನಲ್ಲಿ ಕೊಂಡದ್ದು. ನಾವು ಮೂವರು ಅದರ ಕಾಯಂ ಪ್ರಯಾಣಿಕರು. ಮುಂದೆ ನಾನು, ಹಿಂದೆ ಸ್ಟೋರ್ ಕೀಪರ್ ಬಸಣ್ಣ ಮತ್ತು ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಆನೆಕೊಂಡದ ಹುಡುಗಿ ಮಂಜುಳ. ಜೀಪಿಗೆ ಮಂಜುಳಳಿಗಿಂತ ವಯಸ್ಸು ಜಾಸ್ತಿ, ಬಸಣ್ಣನಿಗಿಂತ ಕಡಿಮೆ. "ಸದ್ದು ಮಾತ್ರ ನನಗಿಂತ ಕಡಿಮೆ ಮಾಡ್ತೈತೆ" ಎಂದು ಬಸಣ್ಣನೇ ಹೇಳಿಕೊಳ್ಳುತ್ತಿದ್ದ.

ಅದರ ಹಳೆಯ ಟ್ಯಾಂಕು ತುಕ್ಕು ಹಿಡಿದು ಹೋಗಿದ್ದರಿಂದ ಕರೂರು ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ಬೇರೆ ಟ್ಯಾಂಕು ಮಾಡಿಸಿ ಕೂರಿಸಿದ್ದರು. ಆ ಟ್ಯಾಂಕಿಗೆ ಒಂದು ದೋಷ ಇತ್ತು. ಮಜ್ಜಿಗೆ ಪ್ಯಾಕೆಟ್ಟಿಗೆ ಸ್ಟ್ರಾ ಚುಚ್ಚಿ ಒಂದೇ ಸಮನೆ ಹೀರಿದರೆ ಪ್ಯಾಕೆಟ್ಟು ಒಳಕ್ಕೆ ಸೊಟ್ಟಗಾಗಿ ಆಮೇಲೆ ಎಷ್ಟು ಎಳೆದರೂ ಮಜ್ಜಿಗೆ ಬರುವುದಿಲ್ಲವಲ್ಲ, ಹಾಗೆ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದು ಟ್ಯಾಂಕಿನ ನೆತ್ತಿಗೆ ಒಂದು ಸಣ್ಣ ಕೊಳವೆಯೋ, ಇಲ್ಲ ಮುಚ್ಚಳದಲ್ಲಿ ಒಂದು ತೂತೋ ಇರುತ್ತದೆ. ಬ್ರೀದರ್ ಅನ್ನುತ್ತಾರೆ, ಉಸಿರಾಡಿಸುವುದು. ಈ ಟ್ಯಾಂಕಿಗೆ ಅದೂ ಇಲ್ಲ, ಇದೂ ಇಲ್ಲ. ಮಾಡಿದವನು ಮರೆತಿದ್ದಾನೆ ಎಂದು ನಾವೆಲ್ಲ ತಿಳಿದಿದ್ದೆವು.

ಬೆಳಿಗ್ಗೆ ಊರ ಹೊರಗಿನ ಬಂಕಿನಲ್ಲಿ ದಿನಾ ಟ್ಯಾಂಕು ತುಂಬಿಸುವುದು ಅವರ ಪದ್ಧತಿ. ಬಂಕಿನವನು, "ಆತು ಸರ್, ಕಟ್ಟಾತು" ಅಂದರೆ, "ಇನ್ನೂ ಹಿಡಿತೈತೆ, ಹಾಕಪ್ಪ" ಎಂದು ಜೀಪನ್ನು ಹಿಡಿದು ಅಲ್ಲಾಡಿಸಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಟು, ಕುತ್ತಿಗೆಯಲ್ಲಿ ಪೆಟ್ರೋಲು ಹೊಳೆಯುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಪಿ.ಬಿ. ರಸ್ತೆ ಹಿಡಿಯುತ್ತಿದ್ದರು.

ಬಾತಿ ಎಂಬ ಊರು ದಾಟಿ ಸ್ವಲ್ಪ ಮುಂದೆ ಒಂದು ಹಳೆಯ ಮೋರಿ ಇದೆ. ಅಲ್ಲಿಗೆ ಬರುವಷ್ಟರಲ್ಲಿ ಎಂಜಿನ್ ಬಿಕ್ಕುತ್ತಿತ್ತು. ಮತ್ತೊಮ್ಮೆ ಬಿಕ್ಕಿ ಸತ್ತೇ ಹೋಗುತ್ತಿತ್ತು. ಅವರು ಉರುಳುವಷ್ಟು ಉರುಳಲು ಬಿಟ್ಟು ಎಡಕ್ಕೆ ಎಳೆದು ನಿಲ್ಲಿಸುತ್ತಿದ್ದರು. ಇಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಹುಸ್ಸೆಂದು ಉದ್ದನೆಯ ಸದ್ದು, ಗಾಳಿ ಒಳಗೆ ನುಗ್ಗುವ ಸದ್ದು. ಹಿಂದೆಯೇ, ಒಳಕ್ಕೆ ಎಳೆದುಕೊಂಡಿದ್ದ ತಗಡು ಡಬ್ಬೆಂದು ತನ್ನ ಜಾಗಕ್ಕೆ ಬರುತ್ತಿತ್ತು. ಮುಚ್ಚಳ ಹಾಕಿ, ಅಲ್ಲೇ ಒಂದು ಗಳಿಗೆ ನಿಂತು, ಹತ್ತಿ ಸ್ಟಾರ್ಟ್ ಮಾಡಿದರೆ ಜೀಪು ಏನೂ ಆಗದಂತೆ ಹರಿಹರಕ್ಕೆ ಹೊರಡುತ್ತಿತ್ತು. ಸಂಸ್ಥೆಗೆ ಒಂದು ದಿನವೂ ತಡವಾಗಿದ್ದಿಲ್ಲ. ಆ ನಿಲುಗಡೆಯನ್ನೂ ಸೇರಿಸಿಯೇ ಅವರು ಮನೆಯಿಂದ ಹೊರಡುತ್ತಿದ್ದರು.

ನನಗೆ ದಿನವೂ ಅಲ್ಲಿ ಪ್ರಾಣ ಹೋಗಿ ಬರುತ್ತಿತ್ತು. ಆ ಜೀಪಿನ ಟ್ಯಾಂಕಿನ ಬಾಯಿ ಡ್ರೈವರನ ಕಡೆ, ಅಂದರೆ ಲಾರಿಗಳು ಹೋಗುವ ಕಡೆ. ಅವರು ರಸ್ತೆಗೆ ಬೆನ್ನು ಕೊಟ್ಟು ಬಗ್ಗುತ್ತಿದ್ದರು.

"ಸರ್, ಒಂದು ತೂತು ಹೊಡಿಸಿಬಿಡ್ರಿ. ಟ್ಯಾಂಕು ಕುಸಿದು ಸೀಳಿದ್ರೆ? ಪೆಟ್ರೋಲು, ಬಿಸಿ ಸೈಲೆನ್ಸರು, ನಾವು ನಾಲ್ಕು ಜನ..." ಎಂದು ನಾನು ಶುರು ಮಾಡುತ್ತಿದ್ದೆ.

ಹಿಂದಿನಿಂದ ಬಸಣ್ಣ, "ಸೂಪರಿಂಟೆಂಡೆಂಟ್ರು ಆಗಲೇ ನಮ್ಮ ಬೂದಿ ಸೈತ ಹೊಳಿಗೆ ಬಿಟ್ರು ನೋಡವ್ವ ಮಂಜುಳ" ಅನ್ನುತ್ತಿದ್ದ.

ಅವರು ಮಾತ್ರ, "ಮಾಡ್ಸಾಣ ಬಿಡ್ರಿ" ಅನ್ನುತ್ತಿದ್ದರು. ಮದುವೆಮನೆಯ ಟೇಬಲ್ಲಿನ ನಟ್ಟನ್ನೂ ಬಿಡದ ಮನುಷ್ಯ ತನ್ನ ಜೀಪಿನ ಟ್ಯಾಂಕಿಗೆ ಒಂದು ತೂತು ಹೊಡೆಯಲು ನಾಳೆ ನಾಡಿದ್ದು ಅನ್ನುವುದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಇನ್ನೊಂದೂ ಹತ್ತುತ್ತಿರಲಿಲ್ಲ. ಸಂಜೆ ವಾಪಸು ಬರುವಾಗ ಹೊರಡುವ ಮುಂಚೆಯೇ ಮುಚ್ಚಳ ತೆಗೆದು ಹಾಕುತ್ತಿದ್ದರು. ಆಗ ಜೀಪು ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಅವರು ರಜೆ ಹಾಕಿದ್ದರು. ನಾನು, ಬಸಣ್ಣ ಬಸ್ಸಿನಲ್ಲಿ ಹೋದೆವು. ಮೋರಿ ಬಂದಾಗ ಬಸಣ್ಣ ಕಿಟಕಿಯ ಕಡೆ ಕೈ ಮುಗಿದ. ನಾನು ಕೇಳಿದ್ದಕ್ಕೆ ದನಿ ತಗ್ಗಿಸಿ, "ನಿಮಗ ಗೊತ್ತಿಲ್ಲೇನು? ಅವರ ಮಗಳು ಹೋಗಿದ್ದು ಇಲ್ಲೇ. ಹರಿಹರದಾಗ ಸಣ್ಣ ಮಕ್ಕಳಿಗೆ ಪಾಠ ಹೇಳಾಕ ಹೋಗ್ತಿತ್ತು, ಸ್ಕೂಟರ್ ಮ್ಯಾಲೆ. ಲಾರಿ ಬಡೀತು. ನೀವಿನ್ನೂ ಈ ಆಫೀಸಿಗೆ ಬಂದಿರ್ಲಿಲ್ಲ" ಅಂದ. ಆಮೇಲೆ, "ಜೀಪು ನಿಲ್ಲೋದು ಟ್ಯಾಂಕಿನಿಂದ ಅಂತ ನೀವು ತಿಳ್ಕಂಡೀರಿ. ನಿಲ್ಲಿಸೋರು ಬ್ಯಾರೆ ಅದಾರೆ" ಅಂದ. ಬಾಯಿ ತುಂಬ ನಗುವ ಬಸಣ್ಣ ಅಂದು ನಗಲಿಲ್ಲ.

ಮಗಳು ಸತ್ತಿದ್ದಳೆಂದು ಗೊತ್ತಿತ್ತು. ಎಲ್ಲಿ, ಹೇಗೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನನ್ನ ಹೆದರಿಕೆ ಇಮ್ಮಡಿಯಾಯಿತು. ಮಗಳು ಲಾರಿಗೆ ಸಿಕ್ಕ ಜಾಗದಲ್ಲೇ ಅಪ್ಪ ದಿನಾ ಲಾರಿಗೆ ಬೆನ್ನು ಕೊಟ್ಟು ನಿಲ್ಲುವುದೇ? ಅವರಿಗೆ ಹೇಳಿ ಪ್ರಯೋಜನವಿಲ್ಲ, ಟ್ಯಾಂಕು ಮಾಡಿದವನನ್ನೇ ಹಿಡಿದು ದಬಾಯಿಸಬೇಕು ಎಂದು ಕರೂರಿಗೆ ಹೋದೆ. ದಬಾಯಿಸುವುದು ನನ್ನ ಕೈಲಾಗುವ ಕೆಲಸವಲ್ಲ. ಆಟೋದಲ್ಲಿ ಕೂತು ಎರಡು ಮೂರು ಸಲ ಅಭ್ಯಾಸ ಮಾಡಿಕೊಂಡೆ.

ಶೆಡ್ಡಿನವನು ವೆಲ್ಡಿಂಗಿನ ಕನ್ನಡಕ ಹಣೆಗೆ ಏರಿಸಿ ನನ್ನ ಭಾಷಣ ಪೂರ್ತಿ ಕೇಳಿದ.

"ಮರೆತಿಲ್ಲ ಸಾಹೇಬ್ರ" ಅಂದ. "ಬ್ರೀದರ್ ಪೈಪ್ ಕೂರಿಸೇ ಕೊಟ್ಟಿದ್ದೆ, ಫಸ್ಟ್ ಕ್ಲಾಸ್ ಆಗಿತ್ತು. ನಿಮ್ಮ ಮೇಷ್ಟ್ರೇ ಇಲ್ಲಿ ನಿಂತ್ಕಂಡು ಅದನ್ನ ಕೊಯ್ಸಿ ಮುಚ್ಚಿಸಿದ್ರು. ತೂತಿಲ್ಲದ ಮುಚ್ಚಳ ಬೇಕು ಅಂತ ಹುಡುಕಿ ತಂದೋರೂ ಅವರೇ. ನಾನು ಬ್ಯಾಡ್ರಿ ಸರ್, ಗಾಡಿ ನಿಲ್ತೈತೆ ಅಂದೆ. ನಿಲ್ಲಲಿ ಅಂದ್ರು."

ಅವನು ಚಹಾ ತರಿಸಿದ. ಕುಡಿದು ಬಂದೆ.

ಭಾನುವಾರ ಅವರ ಮನೆಗೆ ಹೋದೆ. ಅಂಗಳದಲ್ಲಿ ಜೀಪಿನ ಪಕ್ಕ ಸ್ಟೂಲು ಹಾಕಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. "ಕೂಡ್ರಿ" ಎಂದು ಇನ್ನೊಂದು ಸ್ಟೂಲನ್ನು ಅಲ್ಲಾಡಿಸಿ ನೋಡಿ ಕೊಟ್ಟರು. ಕರೂರಿಗೆ ಹೋಗಿ ಬಂದೆ ಎಂದೆ. ಅವರ ಕೈ ನಿಲ್ಲಲಿಲ್ಲ. ಒಂದು ಸ್ಕ್ರೂ ತೆಗೆದು ಬಟ್ಟಲಿಗೆ ಹಾಕಿ ಕೇಳಿದರು:

"ತುಂಬಿದ ಟ್ಯಾಂಕು ಜಲ್ದಿ ನಿಲ್ತೈತೋ, ಅರ್ಧ ಟ್ಯಾಂಕು ಜಲ್ದಿ ನಿಲ್ತೈತೋ?"

ತರಗತಿಯಲ್ಲಿ ಹುಡುಗರನ್ನು ಕೇಳುವ ದನಿ. ನಾನು ತಪ್ಪು ಹೇಳಿದೆ.

"ತುಂಬಿದ್ದು" ಅಂದರು. "ಅದರೊಳಗ ಗಾಳಿ ಕಡಿಮಿ ಇರ್ತೈತೆ, ಬೇಗ ಜಗ್ಗಾಡ್ತೈತೆ. ಅರ್ಧ ಇದ್ರ ಹರಿಹರ ಮುಟ್ಟಿಬಿಡ್ತೈತೆ. ಕುತ್ತಿಗೀ ತನಕ ತುಂಬಿಸಿದ್ರ ಮೋರಿ ಹತ್ರ ನಿಲ್ತೈತೆ. ಮೊದ್ಲು ಆ ಕಡೆ ಈ ಕಡೆ ಆಗ್ತಿತ್ತು. ಆಮೇಲೆ ಹದ ಸಿಕ್ತು."

ಮಿಕ್ಸಿಯ ತಳ ಬಿಚ್ಚಿಕೊಂಡಿತು. ಅದನ್ನು ಬಟ್ಟೆಯ ಮೇಲೆ ಬೋರಲು ಇಟ್ಟರು.

"ಮಗಳ ಸ್ಕೂಟರಿನ ಪೆಟ್ರೋಲ್ ಮುಚ್ಚಳ ಕಳೆದಿತ್ತು. ಬಜಾರಿನಾಗ ಸಿಕ್ಕ ಬ್ಯಾರೆದೊಂದು ತಂದು ಹಾಕಿದೆ. ಅದಕ್ಕ ತೂತು ಇರ್ಲಿಲ್ಲ. ಅಪ್ಪಾಜಿ, ಗಾಡಿ ಬಾತಿ ಹತ್ರ ನಿಲ್ತೈತೆ ಅಂದ್ಲು. ನನಗ ನೋಡಿದ ಕೂಡ್ಲೇ ಗೊತ್ತಾತು. ಡ್ರಿಲ್ಲು ಇಲ್ಲೇ ಮನ್ಯಾಗ ಐತೆ. ಭಾನುವಾರ ಮಾಡಿಕೊಡ್ತೀನವ್ವ, ಅಲ್ಲಿ ತನಕ ನಿಂತ್ರ ಇಳಿದು ಒಮ್ಮೆ ಮುಚ್ಚಳ ತಗದು ಹಾಕು ಅಂದೆ. ಹೆಂಗ ತಗೀಬೇಕು ಅಂತ ತೋರ್ಸಿಯೂ ಕೊಟ್ಟೆ." ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದರು. "ಭಾನುವಾರ ಬರ್ಲಿಲ್ಲ."

ಒಳಗೆ ಅವರ ಹೆಂಡತಿ ಕುಕ್ಕರ್ ಇಳಿಸುವ ಸದ್ದು ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ನನ್ನಂಥವರ ಬಾಯಿಗೂ ಥ್ರೆಡ್ ಸವೆದಿರುತ್ತದೆ.

"ಅಲ್ಲಿ ನಿಲ್ಲಬೇಕು ಅಂತಿದ್ರೆ ಬ್ರೇಕ್ ಹಾಕಿ ನಿಲ್ಲಿಸಬಹುದಲ್ಲ ಸರ್, ಈ ಕಡೆ ಮಣ್ಣಿಗೆ ಇಳಿಸಿ" ಅಂದೆ.

"ಬ್ರೇಕ್ ಹಾಕಿದ್ರ ನಾನು ನಿಲ್ಲಿಸಿದಂಗಾತು" ಅಂದರು. "ಆಕಿ ನಿಲ್ಲಿಸಿರ್ಲಿಲ್ಲ. ನಿಂತಿತ್ತು."

ಮತ್ತೆ ಬಗ್ಗಿ, ಮಿಕ್ಸಿಗೆ ಹೇಳಿದಂತೆ, "ಮತ್ತ ಬ್ರೇಕ್ ನನ್ನ ಕಾಲಾಗ ಇರ್ತೈತ್ರಿ. ಒಂದಿನ ಒತ್ತೋದು ಬ್ಯಾಡ ಅನ್ನಿಸ್ತೈತೆ. ಮರುದಿನವೂ ಅನ್ನಿಸ್ತೈತೆ. ಆಮೇಲೆ ಅದೊಂದು ರಸ್ತೆ ಅಷ್ಟೇ" ಅಂದರು.

ಆ ಮೇಲೆ ನಾನು ತೂತಿನ ಮಾತು ಎತ್ತಲಿಲ್ಲ. ಜೀಪು ಬಿಟ್ಟು ಬಸ್ಸು ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಧೈರ್ಯ ಬಂತು ಅಂದುಕೊಳ್ಳಬೇಡಿ. ಅವರು ಬಗ್ಗಿದಾಗ ಹಿಂದೆ ಬರುವ ಲಾರಿಗಳನ್ನು ನೋಡುವುದಕ್ಕೆ ಒಬ್ಬ ಬೇಕಲ್ಲ ಎಂದು ನನ್ನಷ್ಟಕ್ಕೆ ಒಂದು ಕೆಲಸ ಕಲ್ಪಿಸಿಕೊಂಡಿದ್ದೆ. ಜೀಪು ನಿಂತ ಕೂಡಲೇ ಇಳಿದು, ಹಿಂದೆ ಹೋಗಿ ಕೈ ಚಾಚಿ ನಿಲ್ಲುತ್ತಿದ್ದೆ. ಲಾರಿಯವರು ಲಿಫ್ಟ್ ಕೇಳುತ್ತಿದ್ದಾನೆ ಅಂದುಕೊಂಡು ಬೈದು ಹೋಗುತ್ತಿದ್ದರು.

ಹೀಗೇ ನಡೆಯುತ್ತಿತ್ತೋ ಏನೋ. ಅವರ ನಿವೃತ್ತಿಯ ಹಿಂದಿನ ಬೇಸಿಗೆಯಲ್ಲಿ ಅವರ ಮೊಣಕಾಲು ಊದಿಕೊಂಡಿತು. ಇಳಿಯುವುದು ಹತ್ತುವುದು ನಿಧಾನವಾಯಿತು. ಅವತ್ತು ಮೋರಿಯ ಬಳಿ ಎಂಜಿನ್ ಬಿಕ್ಕಿ ನಿಂತಾಗ ಅವರು ಬಾಗಿಲ ಸರಳು ಹಿಡಿದು ಒಂದು ಕಾಲು ಹೊರಗೆ ಇಡುವಷ್ಟರಲ್ಲಿ ಹಿಂದಿನಿಂದ ಮಂಜುಳ ಜಿಗಿದಳು.

"ನೀವು ಕೂಡ್ರಿ ಸರ್. ದಿನಾ ನೋಡೀನಲ್ಲ, ನಾನು ತಗೀತೀನಿ."

ನಾನು ಇನ್ನೂ ನನ್ನ ಕಡೆಯಿಂದ ಇಳಿಯುತ್ತಿದ್ದೆ. ಅವರು, "ಬ್ಯಾಡವ್ವ" ಅಂದದ್ದು ಕೇಳಿಸಿತು. ಅವಳು ಆಗಲೇ ಟ್ಯಾಂಕಿನ ಬಾಯಿಗೆ ಬಗ್ಗಿ, ರಸ್ತೆಗೆ ಬೆನ್ನು ಹಾಕಿ ಎರಡೂ ಕೈಯಲ್ಲಿ ಮುಚ್ಚಳ ತಿರುಗಿಸುತ್ತಿದ್ದಳು. ಅವಳ ತಲೆ ಅವರ ಮೊಣಕಾಲಿನ ಹತ್ತಿರ ಇತ್ತು. ಮೆಕ್ಕೆಜೋಳದ ಲಾರಿಯೊಂದು ಬಸ್ಸನ್ನು ಎಡಗಡೆಯಿಂದ ಹಿಂದೆ ಹಾಕುತ್ತಾ ರಸ್ತೆಯ ಅಂಚಿಗೆ ಬಂತು. ಟ್ಯಾಂಕು ಹುಸ್ಸೆಂದದ್ದೂ ಲಾರಿ ಹೋದದ್ದೂ ಒಟ್ಟಿಗೇ ಆಯಿತು. ಜೀಪಿನ ಟಾರ್ಪಾಲು ಪಟಪಟ ಬಡಿದು ನಿಂತಿತು. ಧೂಳಿನ ಒಳಗೆ ಮಂಜುಳ ಹಾಗೆಯೇ ಬಗ್ಗಿ ನಿಂತಿದ್ದಳು. ಅವಳ ದುಪ್ಪಟ್ಟ ಇರಲಿಲ್ಲ. ದೂರದಲ್ಲಿ ಅದು ಲಾರಿಯ ಹಿಂದಿನ ಕೊಂಡಿಗೆ ಸಿಕ್ಕಿ ಹಾರುತ್ತಿತ್ತು.

ಅವಳು ನೆಟ್ಟಗಾಗಿ, ಮುಚ್ಚಳ ಹಿಡಿದುಕೊಂಡೇ ನಕ್ಕಳು. ಹೆದರಿದವರು ನಗುವ ನಗು. "ಹೊಸಾದು ಸರ್ ಅದು" ಅಂದಳು. ಬಸಣ್ಣ ಅವಳನ್ನು ಹಿಡಿದು ಈ ಕಡೆಗೆ ಕರೆದು ತಂದ.

ಅವರು ಸರಳು ಹಿಡಿದು ಇಳಿದು ಬಂದರು. ಅವಳ ಕೈಯಿಂದ ಮುಚ್ಚಳ ತೆಗೆದುಕೊಳ್ಳಲು ಹೋದರು. ಅದು ಕೈಗೆ ಬರಲಿಲ್ಲ, ಅವಳು ಅಷ್ಟು ಬಿಗಿ ಹಿಡಿದಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಂಜುಳ ಆಮೇಲೆ ನನಗೆ ಹೇಳಿದ್ದು, ಸರ್ ಕೈ ಐಸಿನಂತೆ ಇತ್ತು ಎಂದು.

ಅಂದು ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಅವರ ತರಗತಿ ಇತ್ತು. ನಾನು ಯಾವುದೋ ಫೈಲಿನ ನೆಪ ಮಾಡಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಟ್ಯಾಂಕನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದರು. ಪೆಟ್ರೋಲು ಬಸಿದು, ತೊಳೆದು, ಬಾಯಿಯ ತನಕ ನೀರು ತುಂಬಿಸಿದ್ದರು. ಖಾಲಿ ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ತೂತು ಎಲ್ಲಿ ಹೊಡೀಬೇಕು? ನೆತ್ತಿಗೆ. ಯಾಕ? ಕೆಳಗ ಹೊಡೆದ್ರ ಪೆಟ್ರೋಲು ಬರ್ತೈತೆ. ಪೈಪು ಟ್ಯಾಂಕಿಗಿಂತ ಮ್ಯಾಲೆ ಹೋಗಿ, ಬಳಸಿ, ಬಾಯಿ ಕೆಳಗ ನೋಡ್ಬೇಕು. ಯಾಕ? ಮಳೆ, ಧೂಳು ಒಳಗ ಬೀಳಬಾರ್ದು. ಆವಿ ಕೂತೋರ ಮೂಗಿಗೆ ಬರಬಾರ್ದು. ಸೈಲೆನ್ಸರ್ ಹತ್ರ ಒಯ್ಯಬಾರ್ದು." ಯಾವತ್ತಿನ ದನಿಯೇ. ಕೊಳವೆ ಕೂರಿಸಿ ಸುತ್ತ ವೆಲ್ಡ್ ಮಾಡಿದರು. ಅರ ಹಾಕಿ ನುಣುಪು ಮಾಡಿದರು. ರಬ್ಬರ್ ಪೈಪು ಸಿಕ್ಕಿಸಿ, ಕ್ಲಿಪ್ಪು ಬಿಗಿದು, ಆ ತುದಿಗೆ ಬಾಯಿಟ್ಟು ಊದಿದರು. ಒಬ್ಬ ಹುಡುಗ ಯಾಕೆ ಸರ್ ಎಂದು ಕೇಳಿದ. "ದಾರಿ ಬಿಟ್ಟೈತೋ ಇಲ್ಲೋ ನೋಡಬೇಕಲ್ಲ" ಅಂದರು. ಎಷ್ಟೋ ಹೊತ್ತು ಊದಿದರು. ನೀರು ಬಾಯಿಯಿಂದ ಉಕ್ಕಿ ಬೆಂಚಿನಿಂದ ಸುರಿದು ಅವರ ಷೂ ನೆನೆಯುತ್ತಿತ್ತು.

ಮರುದಿನ ಬೆಳಿಗ್ಗೆ ಬಂಕಿನಲ್ಲಿ ಅವರು ಜೀಪನ್ನು ಅಲ್ಲಾಡಿಸಲಿಲ್ಲ. ಬಂಕಿನವನೇ, "ಸಾಕಾ ಸರ್?" ಎಂದು ಕೇಳಿದ. "ಸಾಕು" ಅಂದರು.

ಬಾತಿ ಬಂತು. ಮಂಜುಳ ಸೀಟಿನ ಸರಳು ಹಿಡಿದು ಕೂತಿದ್ದಳು. ನಾನು ಅಭ್ಯಾಸಬಲದಿಂದ ಇಳಿಯಲು ಒಂದು ಕಾಲು ಮುಂದಿಟ್ಟಿದ್ದೆ. ಎಂಜಿನ್ ಬಿಕ್ಕಲಿಲ್ಲ. ಮೋರಿಯ ಗೋಡೆ ಬಂತು, ಅವರು ಆ ಕಡೆ ನೋಡಲಿಲ್ಲ. ಬ್ರೇಕಿನ ಪಕ್ಕದಲ್ಲಿದ್ದ ಅವರ ಕಾಲನ್ನು ನಾನು ನೋಡುತ್ತಿದ್ದೆ. ಅದು ಒತ್ತಲಿಲ್ಲ. ಮೋರಿ ಹಿಂದಕ್ಕೆ ಹೋಯಿತು. ಹಿಂದೆ ಯಾರೋ ಉಸಿರು ಬಿಟ್ಟರು.

ಹರಿಹರ ಬಂತು. ಸಂಸ್ಥೆಗೆ ತಿರುಗುವ ದಾರಿ ಬಂತು, ಅವರು ತಿರುಗಲಿಲ್ಲ. ಬಸಣ್ಣ, "ಸರ್..." ಅಂದ. ನಾನು ಹಿಂದೆ ತಿರುಗಿ ಕಣ್ಣಿನಲ್ಲೇ ಬೇಡ ಅಂದೆ. ಬಸ್ ಸ್ಟ್ಯಾಂಡು ದಾಟಿತು. ತುಂಗಭದ್ರೆಯ ಸೇತುವೆ ಹತ್ತಿದೆವು. ಹೊಳೆಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳ ಮೇಲೆ ಬಟ್ಟೆ ಹರವಿದ್ದರು. ಸೇತುವೆ ಇಳಿದರೆ ಆಚೆ ಬೇರೆ ಜಿಲ್ಲೆ. ಜೀಪು ಎಂದೂ ಅಷ್ಟು ನುಣ್ಣಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಅವರ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಕಣ್ಣು ನೆಟ್ಟಗೆ ರಸ್ತೆಯ ಮೇಲಿತ್ತು. ಸಂಸ್ಥೆಯ ಗಂಟೆ ಹೊಡೆದಿರುತ್ತದೆ, ಹಾಜರಿ ಹೋಗಿರುತ್ತದೆ ಎಂಬ ಯಾವ ಚಿಂತೆಯೂ ನನಗೆ ಬರಲಿಲ್ಲ. ನನ್ನ ಆಯುಷ್ಯದಲ್ಲಿ ಅದೊಂದೇ ದಿನ ಇರಬೇಕು.

ಹೊಲಗಳು ಶುರುವಾದ ಮೇಲೆ ಅವರು ನನ್ನ ಕಡೆ ತಿರುಗದೆ, ದಾರಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು:

"ಎಲ್ಲಿ ನಿಲ್ಲಿಸ್ಲಿ?"